ಹತ್ತಲಾರದ ಹತ್ತಿ

ಎಕ್ಸ್‌ರೇ ಕೋಣೆಗೆ ಇದ್ದದ್ದು ಎರಡೇ ಮೆಟ್ಟಿಲು. ಹತ್ತಿ ಅವುಗಳ ಮುಂದೆ ಬಂದು ನಿಂತಿತು, ಒಮ್ಮೆ ತಲೆಯೆತ್ತಿ ನೋಡಿತು, ಆಮೇಲೆ ಯಾರೋ ಮೂಟೆ ಇಳಿಸಿದ ಹಾಗೆ ನೆಲಕ್ಕೆ ಕುಸಿಯಿತು.

ಕಾನ್‌ಸ್ಟೆಬಲ್ ಮೀಸೆ ಸರಪಳಿ ಎಳೆದ. ನಾಯಿ ಅಲ್ಲಾಡಲಿಲ್ಲ. ಮತ್ತೆ ಎಳೆದ. ಎಳೆದವನ ಬೂಟೇ ಜಾರಿತು.

"ಇದಕ್ಕೆ ಹತ್ತಿ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ ಮೇಡಂ," ಎಂದ ಅವನು ಏದುಸಿರು ಬಿಡುತ್ತ. "ತೂಕ ನೋಡಿದ್ರೆ ಹತ್ತಿ ಅಲ್ಲ. ಮೆಟ್ಟಿಲು ತೋರಿಸಿದ್ರೆ ಹತ್ತೋದೂ ಇಲ್ಲ."

ಮೀಸೆ ಅನ್ನುವುದು ಅವನ ಹೆಸರಲ್ಲ. ಮೀಸೆ ಬೋಳಿಸಿಕೊಂಡ ದಿನ ಠಾಣೆಯವರು ಇಟ್ಟ ಹೆಸರು. ಅವನ ತಮಾಷೆಗಳಿಗೆ ತನಿಖಾಧಿಕಾರಿ ಸಾಮಾನ್ಯವಾಗಿ ಅರ್ಧ ನಗುವನ್ನಾದರೂ ಕೊಡುತ್ತಿದ್ದಳು. ಈ ಸಲ ಕೊಡಲಿಲ್ಲ. ಅವಳ ಕಣ್ಣು ಮೆಟ್ಟಿಲ ಮೇಲೆಯೇ ಇತ್ತು. ಅವಳ ಮೊಣಕಾಲಿನಷ್ಟೂ ಎತ್ತರವಿಲ್ಲದ ಮೆಟ್ಟಿಲು.

"ಇನ್ನೊಂದು ಸಲ ಹೇಳು."

"ತಮಾಷೆಗೆ ಅಂದೆ ಮೇಡಂ."

"ತಮಾಷೆ ಅಲ್ಲ ಅದು. ಹೇಳು."

"ಹತ್ತೋದಿಲ್ಲ ಅಂದೆ."

ಎರಡು ಮೆಟ್ಟಿಲು ಹತ್ತಲು ಒಲ್ಲದ ಈ ನಾಯಿ ಎದೆಮಟ್ಟದ ಕಲ್ಲುಗೋಡೆ ಹಾರಿ, ಕುರಿಮರಿಗಳ ದೊಡ್ಡಿಯೊಳಗೆ ನಿಂತಿದ್ದ ಊರಿನ ಹಳೆಯ ಪಶುವೈದ್ಯರ ಮೇಲೆ ಬಿದ್ದು, ಅವರ ತಲೆಯನ್ನು ಕಲ್ಲಿನ ತೊಟ್ಟಿಗೆ ಒಡೆದು ಕೊಂದಿದೆ ಎಂದು ಊರೆಲ್ಲ ನಂಬಿತ್ತು. ನಂಬಲು ಕಾರಣವೂ ಇತ್ತು. ದೊಡ್ಡಿಯ ಗೇಟಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು; ಒಳಗಿದ್ದವರೂ ಮೇಲಿನಿಂದ ಕೈಚಾಚಿ ಹಾಕಿಕೊಳ್ಳಬಹುದಾದ ಚಿಲಕ. ಒಳಗೆ ಹೆಣದ ಪಕ್ಕದಲ್ಲಿ ಬಾಯಿಗೆ ರಕ್ತ ಮೆತ್ತಿಕೊಂಡು ಈ ನಾಯಿ ಕೂತಿತ್ತು. ನಗರಸಭೆ ಊರಿನ ನಂಬಿಕೆಗೆ ಮೊಹರು ಒತ್ತಿತ್ತು: ನಾಳೆ ಬೆಳಿಗ್ಗೆ ನಾಯಿಗೆ ಕೊನೆಯ ಇಂಜೆಕ್ಷನ್.

"ಎತ್ತಿಕೊಂಡು ಹೋಗೋಣ," ಎಂದರು ಹೊಸ ಡಾಕ್ಟರಮ್ಮ. ಸತ್ತ ವೈದ್ಯರ ಜಾಗಕ್ಕೆ ಪಕ್ಕದ ಊರಿನಿಂದ ತಾತ್ಕಾಲಿಕವಾಗಿ ಬಂದವರು ಅವರು. ಬೆಳಗಿನಿಂದ ನಾಯಿ ಸರಿಯಾಗಿ ಏಳುತ್ತಿಲ್ಲ, ಯಾರಾದರೂ ಹೊಡೆದಿದ್ದಾರೋ ನೋಡಬೇಕು ಎಂದು ಎಕ್ಸ್‌ರೇ ಕೇಳಿದ್ದೂ ಅವರೇ.

"ನಾಳೆ ಸಾಯೋ ನಾಯಿಗೆ ಎಕ್ಸ್‌ರೇ ಯಾಕೆ ಅಂತ ನಗರಸಭೆಯವರು ಕೇಳಿದ್ರು," ಎಂದ ಮೀಸೆ.

"ಇವತ್ತು ನೋಯ್ತಾ ಇದೆಯಲ್ಲ," ಎಂದರು ಡಾಕ್ಟರಮ್ಮ.

ಮಂಪರು ಬರಿಸುವ ಮದ್ದನ್ನು ಅವರು ಸ್ವಲ್ಪವೇ ಸಿರಿಂಜಿಗೆ ಎಳೆದುಕೊಂಡರು. ಇಷ್ಟು ದೊಡ್ಡ ನಾಯಿಗೆ ಇಷ್ಟೇನಾ ಎಂದು ಮೀಸೆ ಕೇಳಿದ. "ಈ ಗಾತ್ರದ ನಾಯಿಗಳಿಗೆ ಬರೀ ತೂಕ ನೋಡಿ ಮದ್ದು ಹಾಕಿದ್ರೆ ಏಳೋದೇ ಕಷ್ಟ. ನೋಡೋಕೆ ಆನೆ, ಒಳಗೆ ಮೇಣ," ಎಂದರು ಅವರು. ಹತ್ತಿಯ ಕಣ್ಣು ನಿಧಾನಕ್ಕೆ ಮುಚ್ಚಿತು. ಮೂವರೂ ಸೇರಿ ಕಂಬಳಿಯಲ್ಲಿ ಅದನ್ನು ಹೊತ್ತರು. ಹೊರುವಾಗ ತನಿಖಾಧಿಕಾರಿಯ ಕೈಗೆ ಅದರ ತೊಡೆ ಸಿಕ್ಕಿತು. ಅಷ್ಟೆಲ್ಲ ಬಿಳಿ ಕೂದಲಿನ ಒಳಗೆ ಮೂಳೆಯೇ ಸಿಕ್ಕಿತು, ಮಾಂಸ ಸಿಗಲಿಲ್ಲ.

ಫಿಲ್ಮ್ ಬೆಳಕಿನ ಪೆಟ್ಟಿಗೆಯ ಮೇಲೆ ಕೂತಾಗ ಡಾಕ್ಟರಮ್ಮ ಅದರ ಮೇಲೆ ಬೆರಳಿಟ್ಟು ಎರಡೂ ಕಡೆಯ ಮೂಳೆ ಹೋಲಿಸಿ ನೋಡಿದರು.

"ಯಾರೂ ಹೊಡೆದಿಲ್ಲ," ಎಂದರು ಕೊನೆಗೆ. "ಇಲ್ಲಿ ನೋಡಿ. ತೊಡೆಮೂಳೆಯ ತಲೆ ಇದು. ಬಟ್ಟಲಿನೊಳಗೆ ನಿಂಬೆಹಣ್ಣು ಕೂತ ಹಾಗೆ ಸೊಂಟದ ಕೀಲಿನಲ್ಲಿ ಕೂರಬೇಕು. ಇಲ್ಲಿ ಬಟ್ಟಲೇ ಇಲ್ಲ. ತಟ್ಟೆ ಆಗಿಬಿಟ್ಟಿದೆ. ಹೆಜ್ಜೆ ಇಟ್ಟಾಗೆಲ್ಲ ಮೂಳೆ ಜಾರುತ್ತೆ, ಉಜ್ಜುತ್ತೆ. ಎರಡೂ ಕಡೆ."

"ಯಾವಾಗಿನಿಂದ?"

"ಹುಟ್ಟಿನಿಂದಲೇ ಅನ್ನಬಹುದು. ಅಪ್ಪ-ಅಮ್ಮನಿಂದ ಬರೋದು ಇದು. ಮರಿ ಇದ್ದಾಗ ಗೊತ್ತಾಗಲ್ಲ. ದೊಡ್ಡದಾಗಲಿ ಅಂತ ತಿನ್ನಿಸಿ ತಿನ್ನಿಸಿ ಬೇಗ ಬೆಳೆಸಿದ್ರೆ ಇನ್ನೂ ಹೆಚ್ಚಾಗುತ್ತೆ."

"ಇದರ ಮರಿಗಳಿಗೆ?"

"ಎಲ್ಲಕ್ಕೂ ಬರಲೇಬೇಕು ಅಂತಿಲ್ಲ. ಆದರೆ ಇಂಥ ಗಂಡಿನಿಂದ ಮರಿ ಮಾಡಿಸಬಾರದು. ಯಾರೂ ಮಾಡಿಸಲ್ಲ."

ಮೀಸೆ ಗೋಡೆಗೆ ಒರಗಿದ್ದವನು ನೆಟ್ಟಗಾದ. "ಮಾಡಿಸಿದಾರೆ. ಬೆಟ್ಟದ ಕುರಿಮಂದೆಗಳಲ್ಲೆಲ್ಲ ಇದರ ಮರಿಗಳೇ. ನಮ್ಮ ಮಾವನ ಹತ್ರ ಒಂದಿತ್ತು. ಹೋದ ಚಳಿಗಾಲ ತೋಳ ಬಂದಾಗ ಬೊಗಳಿತೇ ಹೊರತು ಮಲಗಿದ ಜಾಗದಿಂದ ಏಳಲಿಲ್ಲ. ಸೋಮಾರಿ, ತಿಂದು ಕೊಬ್ಬಿದೆ ಅಂತ ಮಾವ ದೊಣ್ಣೆ ತಗೊಂಡ್ರು." ಅವನು ಮಲಗಿದ್ದ ಹತ್ತಿಯನ್ನು ನೋಡಿದ. "ಏಳಲಿಲ್ಲ ಅಂತ ಹೊಡೆದ್ರು. ಏಳೋಕೆ ಆಗಲಿಲ್ಲ ಅಂತ ನಮಗೇನು ಗೊತ್ತು."



"ಗೋಡೆ ಹಾರಿರಬಹುದಾ?" ಎಂದು ಕೇಳಿದಳು ತನಿಖಾಧಿಕಾರಿ.

"ಹಿಂಗಾಲಲ್ಲಿ ನಿಂತುಕೊಳ್ಳೋಕೇ ಆಗಲ್ಲ. ಗೋಡೆ ದೂರದ ಮಾತು."

"ಬರೆದುಕೊಡಿ. ನಾಳೆಯ ಇಂಜೆಕ್ಷನ್ ನಿಲ್ಲಿಸೋಣ."

ಡಾಕ್ಟರಮ್ಮ ತಲೆಯಾಡಿಸಿದರು. "ಬರೆದುಕೊಡ್ತೀನಿ. ಅದರಿಂದ ನಿಲ್ಲಲ್ಲ. ಸತ್ತವರ ತೋಳಿನ ಮೇಲೆ ಇದರ ಹಲ್ಲಿನ ಗುರುತಿದೆ, ಬಾಯಲ್ಲಿ ಅವರ ರಕ್ತ ಇತ್ತು. ನಗರಸಭೆಯವರು ಸೊಂಟ ಕೇಳಲ್ಲ, ಹಲ್ಲು ಕೇಳ್ತಾರೆ. ಹಾರದೇ ಇದ್ದ ನಾಯಿ ಮುಚ್ಚಿದ ಗೇಟಿನ ಒಳಗೆ ಹೇಗೆ ಬಂತು ಅಂತ ಯಾರಾದರೂ ಬಾಯಿ ಬಿಡಬೇಕು."

ತನಿಖಾಧಿಕಾರಿ ಫಿಲ್ಮನ್ನು ಕವರಿಗೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡಳು.

"ಮೀಸೆ, ಜೀಪು ತೆಗಿ."

ನಾಯಿ ಸಾಕುವ ಆ ಮನೆ ಊರಿನ ಮೇಲ್ಭಾಗದ ಇಳಿಜಾರಿನಲ್ಲಿತ್ತು. ಬೇಲಿಯುದ್ದಕ್ಕೂ ಬಿಳಿ ನಾಯಿಗಳು ಜೀಪನ್ನು ನೋಡುತ್ತ ನಿಂತಿದ್ದವು. ಕರುವಿನಷ್ಟು ಎತ್ತರ, ಹಾಸಿಗೆಯಷ್ಟು ಅಗಲ. ಮೊದಲ ದಿನ ಬಂದಾಗ ತನಿಖಾಧಿಕಾರಿ ಅವುಗಳ ಹಲ್ಲನ್ನು ಮಾತ್ರ ನೋಡಿದ್ದಳು. ಈಗ ಕಾಲು ನೋಡಿದಳು. ಒಂದು ನಾಯಿ ಬೇಲಿಯ ಪಕ್ಕದಲ್ಲಿ ಓಡಿ ಬಂತು. ಓಡುವಾಗ ಅದರ ಹಿಂಗಾಲೆರಡೂ ಮೊಲದ ಕಾಲಿನ ಹಾಗೆ ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಬೀಳುತ್ತಿದ್ದವು.

ಕುರಿಮರಿಗಳ ದೊಡ್ಡಿ ಮನೆಯ ಹಿಂದೆ ಇತ್ತು. ಸಾವಿನ ದಿನದಿಂದ ಮರಿಗಳನ್ನು ಬೇರೆ ಕಡೆ ಕೂಡಿದ್ದರು. ಅಂದು ಕೆಸರಾಗಿದ್ದ ನೆಲ ಈಗ ಒಣಗಿ ಗಟ್ಟಿಯಾಗಿತ್ತು, ಆ ದಿನದ ಗುರುತುಗಳನ್ನು ಇದ್ದ ಹಾಗೇ ಹಿಡಿದುಕೊಂಡು.

ರಕ್ತದ ಕಲೆಯಿದ್ದ ಕಲ್ಲಿನ ತೊಟ್ಟಿ ಹಿಂಬದಿಯ ಮೂಲೆಯಲ್ಲಿತ್ತು. ಹೆಣ ಸಿಕ್ಕಿದ್ದು ಗೇಟಿನ ಬಳಿ.

"ಪೆಟ್ಟು ಬಿದ್ದ ಮೇಲೆ ತೆವಳಿಕೊಂಡು ಬಂದಿರಬೇಕು ಅಂತ ಅಂದುಕೊಂಡ್ವಿ," ಎಂದ ಮೀಸೆ.

ತನಿಖಾಧಿಕಾರಿ ಕುಕ್ಕರಗಾಲಲ್ಲಿ ಕೂತಳು. ಒಣಗಿದ ಕೆಸರಿನಲ್ಲಿ ತೊಟ್ಟಿಯಿಂದ ಗೇಟಿನವರೆಗೆ ಜೋಡಿ ಗೆರೆ. ನಡುನಡುವೆ ನಿಂತು, ಮತ್ತೆ ಹೊರಟ ಗೆರೆ.

"ತೆವಳೋರು ಹೊಟ್ಟೆ ಮೇಲೆ ತೆವಳ್ತಾರೆ. ಇದು ಹಿಮ್ಮಡಿ ಎಳೆದ ಗೆರೆ. ಅಂಗಾತ ಮಲಗಿದ್ದವರನ್ನ ಯಾರೋ ತೋಳು ಹಿಡಿದು ಎಳೆದಿದಾರೆ."

"ಯಾರು?"

ಅವಳು ಗೆರೆಗಳ ಮುಂದಿನ ನೆಲ ತೋರಿಸಿದಳು. ಅಲ್ಲಿ ಮನುಷ್ಯರ ಬೂಟಿನ ಗುರುತಿರಲಿಲ್ಲ. ಅಂಗೈಯಗಲದ ಪಂಜದ ಗುರುತುಗಳಿದ್ದವು. ಮುಂಗಾಲಿನವು ಆಳ, ಹಿಂಗಾಲಿನವು ಕೆಸರಿನಲ್ಲಿ ಜಾರಿ ಉದ್ದಕ್ಕೆ ಎಳೆದಂಥವು. ಅಂಗಿಯ ತೋಳು ಮಣಿಕಟ್ಟಿನ ಹತ್ತಿರ ಹರಿದಿದ್ದದ್ದು, ಹಲ್ಲಿನ ಗುರುತು ಅಲ್ಲಿ ಮಾತ್ರ ಇದ್ದದ್ದು, ಈಗ ಬೇರೆಯೇ ಅರ್ಥ ಕೊಟ್ಟಿತು.

ಮೀಸೆ ಗೇಟಿನ ಹಲಗೆಯ ಬಳಿ ಹೋಗಿ ಬಗ್ಗಿದ. ಒಳಗಿನ ಬದಿಯಲ್ಲಿ, ಕೆಳಗೆ, ಮರ ಬೆಳ್ಳಗೆ ಕಿತ್ತು ಬಂದಿತ್ತು. ಉಗುರಿನ ಗೀರುಗಳು, ಒಂದರ ಮೇಲೊಂದು.

"ಹೊರಗೆ ಕರ್ಕೊಂಡು ಹೋಗೋಕೆ ನೋಡಿದೆ ಮೇಡಂ."

"ಹೌದು."

"ಚಿಲಕ ಹಾಕಿತ್ತು."

"ಹೌದು," ಎಂದಳು ಅವಳು ಮತ್ತೆ.

ಗೋಡೆಯ ನೆತ್ತಿಯ ಕಲ್ಲಿಗೆ ಸಿಕ್ಕಿದ್ದ ಬಿಳಿ ಕೂದಲು ಇನ್ನೂ ಅಲ್ಲೇ ಇತ್ತು. ನಾಯಿ ಹಾರಿದ್ದಕ್ಕೆ ಸಾಕ್ಷಿ ಎಂದು ಅಂದು ಎಲ್ಲರೂ ತೋರಿಸಿದ್ದು ಇದನ್ನೇ. ಅವಳು ಅದನ್ನು ಬೆರಳಲ್ಲಿ ಬಿಡಿಸಿದಳು. ಮೈ ಉಜ್ಜಿ ಸಿಕ್ಕಿಕೊಂಡ ಕೂದಲಾದರೆ ಹೊರಗಿನ ಒರಟು, ಉದ್ದ ಎಳೆಗಳಿರಬೇಕು. ಇದು ಒಳಗಿನ ನವಿರು ತುಪ್ಪಳ. ಬಾಚಣಿಗೆಯ ಹಲ್ಲಿನಿಂದ ಬಿಡಿಸಿದ ಉಂಡೆ ಹೇಗಿರುತ್ತದೋ ಹಾಗೆ ಸುತ್ತಿಕೊಂಡಿತ್ತು. ಕಲ್ಲಿನ ಬಿರುಕಿಗೆ ಯಾರೋ ಹೆಬ್ಬೆರಳಿನಿಂದ ಒತ್ತಿ ತುರುಕಿದ್ದರು.

"ಇನ್ನೂ ಏನು ಹುಡುಕ್ತಾ ಇದೀರಿ?"

ಗೇಟಿನ ಹೊರಗೆ ಅಳಿಯ ನಿಂತಿದ್ದ. ಹೆಂಡತಿಯ ಮನೆಯಲ್ಲಿ ನೆಲೆಸಿದವನಾದ್ದರಿಂದ ಊರಿಗೆಲ್ಲ ಅವನು ಅಳಿಯನೇ. ನಾಯಿಮರಿಗಳ ಮಾರಾಟವೆಲ್ಲ ಅವನ ಕೈಯಲ್ಲಿ. ಸತ್ತ ವೈದ್ಯರು ಅವನ ಸ್ವಂತ ತಂದೆ. ಕಣ್ಣು ಊದಿಕೊಂಡಿತ್ತು. ನಿದ್ದೆಯಿಲ್ಲದೆಯೋ ಅತ್ತೋ ಹೇಳುವುದು ಕಷ್ಟ.

"ಹತ್ತಿ ಈ ಗೋಡೆ ಹಾರೋದನ್ನ ನೀವು ನೋಡಿದೀರಿ ಅಂತ ಮೊದಲ ದಿನ ಹೇಳಿದ್ರಿ," ಎಂದಳು ತನಿಖಾಧಿಕಾರಿ.

"ಹೇಳಿದ್ದೆ."

"ಯಾವಾಗ ನೋಡಿದ್ರಿ?"

ಅವನ ಕಣ್ಣು ಒಮ್ಮೆ ಮನೆಯ ಕಡೆ ಹೋಗಿ ಬಂತು. "ಹೋದ ವರ್ಷ ಯಾವಾಗಲೋ."

"ನಾಯಿಗೆ ಮೆಟ್ಟಿಲು ಹತ್ತೋಕೆ ಬರಲ್ಲ. ಮುಂಚೆಯೂ ಬರ್ತಿರಲಿಲ್ಲ."

ಅವನು ಬೂಟಿನ ತುದಿಯಿಂದ ಒಣ ಕೆಸರು ಕೆದಕಿದ.

"ನಿಮ್ಮ ತಂದೆಗೂ ನಿಮಗೂ ಜಗಳ ಆಗಿತ್ತಾ?"

"ಅಪ್ಪ ಮಗ ಅಂದಮೇಲೆ ಮಾತು ಬರುತ್ತೆ, ಹೋಗುತ್ತೆ."

"ಹತ್ತಿ ವಿಷಯಕ್ಕೆ?"

ಅವನು ಗೇಟಿನ ಹಲಗೆಯ ಮೇಲೆ ಕೈಯಿಟ್ಟ. ಮರುಕ್ಷಣ ಬಿಸಿ ತಾಗಿದವನ ಹಾಗೆ ಹಿಂದಕ್ಕೆ ಎಳೆದುಕೊಂಡ. "ಹತ್ತಿಯಿಂದ ಇನ್ನು ಮರಿ ಬೇಡ ಅಂದ್ರು ಅಪ್ಪ. ಮೊದಲು ಮನೆಯೊಳಗೆ ಹೇಳಿದ್ರು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಮೇಲೆ, ಕುರಿಗಾರರ ಸಂಘದಲ್ಲಿ ಎಲ್ಲರ ಎದುರಿಗೆ ಹೇಳ್ತೀನಿ, ಈ ಮನೆ ನಾಯಿ ಯಾರೂ ತಗೋಬೇಡಿ ಅಂತೀನಿ ಅಂದ್ರು. ಮಗನ ಮನೆ ಅಂತಲೂ ನೋಡಲಿಲ್ಲ."

"ನೀವೇನಂದ್ರಿ?"

"ಅತ್ತೇನ ಕೇಳಿ ಅಂದೆ. ಈ ಮನೆಯಲ್ಲಿ ನಾನು ಉಸಿರಾಡೋದಕ್ಕೂ ಅತ್ತೇನ ಕೇಳಬೇಕು."

"ಅವತ್ತು ಬೆಳಿಗ್ಗೆ ಎಲ್ಲಿದ್ರಿ?"

"ಕೆಳಗೆ, ಗಿರಣಿಯಲ್ಲಿ. ನಾಯಿಗಳ ಹಿಟ್ಟು ತರೋಕೆ ಹೋಗಿದ್ದೆ. ಕೇಳಿದೀರಲ್ಲ ಅವರನ್ನ."

ಕೇಳಿದ್ದರು. ಅಳಿಯ ಬಂದಿದ್ದ ಎಂದು ಗಿರಣಿಯವರು ಹೇಳಿದ್ದರು. ಯಾವ ಹೊತ್ತಿಗೆ ಬಂದ ಎಂದು ಮಾತ್ರ ಯಾರೂ ಆಣೆ ಮಾಡಿ ಹೇಳಿರಲಿಲ್ಲ.

"ನಾಯಿ ಹಾರೋದನ್ನ ನೋಡಿದೀನಿ ಅಂತ ಹೇಳೋಕೆ ನಿಮಗೆ ಹೇಳಿಕೊಟ್ಟಿದ್ದು ಯಾರು?"

ಅಳಿಯನ ಕಣ್ಣು ಮತ್ತೆ ಮನೆಯ ಕಡೆಗೇ ಹೋಯಿತು. ಹಾಗೆ ಹೋದದ್ದು ಅವನಿಗೇ ಗೊತ್ತಾಗಲಿಲ್ಲ.

"ಮೀಸೆ, ಇವರ ಜೊತೆ ಇಲ್ಲೇ ಇರು," ಎಂದು ಹೇಳಿ ತನಿಖಾಧಿಕಾರಿ ಮನೆಯತ್ತ ನಡೆದಳು.

ಮನೆಯ ಒಡತಿಯನ್ನು ಊರು ದೊಡ್ಡಮ್ಮ ಎನ್ನುತ್ತಿತ್ತು. ಗಂಡ ಸತ್ತ ಮೇಲೆ ನಾಯಿಗಳನ್ನೂ ಮಗಳನ್ನೂ ಒಂದೇ ಕೈಯಲ್ಲಿ ಬೆಳೆಸಿದ ಹೆಂಗಸು. ಬಾಣಂತಿ ನಾಯಿಗಳ ಕೋಣೆಯಲ್ಲಿ ತಗ್ಗು ಸ್ಟೂಲಿನ ಮೇಲೆ ಕೂತು, ಕೈಹಿಡಿಯಷ್ಟಿದ್ದ ಒಂದು ಮರಿಗೆ ಫಿಲ್ಲರ್‌ನಿಂದ ಹಾಲು ಬಿಡುತ್ತಿದ್ದರು. ತಾಯಿನಾಯಿ ಹುಲ್ಲಿನ ಮೇಲೆ ಚಾಚಿಕೊಂಡಿತ್ತು. ಅದರ ಹೊಟ್ಟೆಗೆ ಉಳಿದ ಮರಿಗಳು ಜೋತುಬಿದ್ದಿದ್ದವು.

"ಬಾಗಿಲು ಹಾಕಿ. ಗಾಳಿ ಬರುತ್ತೆ ಮರಿಗಳಿಗೆ," ಎಂದರು ದೊಡ್ಡಮ್ಮ, ತಲೆ ಎತ್ತದೆ.

ತನಿಖಾಧಿಕಾರಿ ಬಾಗಿಲನ್ನು ದೂಡಿದಳು. "ಇವು ಹತ್ತಿ ಮರಿಗಳಾ?"

"ಹೌದು."

"ನಾಳೆ ಇವುಗಳ ಅಪ್ಪನ್ನ ಸಾಯಿಸ್ತಾರೆ."

"ಸಾಯಿಸಲಿ. ನನ್ನ ನಾಯಿ ಮನುಷ್ಯನ್ನ ಕೊಂದಿದೆ. ಅದೂ ನನ್ನ ಬೀಗರನ್ನ. ನಾನು ಅಡ್ಡ ಬರಲ್ಲ."

"ಬೇಜಾರಿಲ್ವಾ ದೊಡ್ಡಮ್ಮ?"

"ನನ್ನ ಬೇಜಾರು ನಿಮಗೆ ತೋರಿಸಬೇಕಾ?"

ತನಿಖಾಧಿಕಾರಿ ಕವರಿನಿಂದ ಫಿಲ್ಮ್ ತೆಗೆದು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಹೊರಗಿನ ಬೆಳಕಿನಲ್ಲಿ ಹತ್ತಿಯ ಸೊಂಟ ಬೂದಿ ಬಣ್ಣದಲ್ಲಿ ಮೂಡಿತು.

"ಇದನ್ನ ಒಂದು ಸಲ ನೋಡಿ."

"ನೋಡಿದೀನಿ."

"ಇವತ್ತು ಮಧ್ಯಾಹ್ನ ತೆಗೆದಿದ್ದು ಇದು."

"ಇವನ ಅಪ್ಪಂದು ನೋಡಿದೀನಿ," ಎಂದರು ದೊಡ್ಡಮ್ಮ. "ಬೀಗರೇ ತೋರಿಸಿದ್ರು. ಇವನ ತಾತನ ಕಾಲಕ್ಕೆ ಈ ಊರಲ್ಲಿ ಯಂತ್ರ ಇರಲಿಲ್ಲ. ಅವನ ನಡಿಗೆ ನೋಡಿದೀನಿ. ಸಾಕಲ್ಲ."

ಅವರ ದನಿಯಲ್ಲಿ ಅವಮಾನವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮರಿಯ ಬಾಯಿಯ ಹಾಲನ್ನು ಬೆರಳಿನಿಂದ ಒರೆಸಿದರು.

"ಗೊತ್ತಿದ್ದೂ ಮರಿ ಮಾಡಿಸಿದ್ರಿ."

"ತಲೆ ನೋಡಿದೀರಾ ಹತ್ತಿದು? ಎದೆ ನೋಡಿದೀರಾ? ಬೆಟ್ಟದಲ್ಲಿ ಇನ್ನೊಂದು ಅಂಥದ್ದು ಇಲ್ಲ. ನಿಂತರೆ ತೋಳ ಹಿಂದಕ್ಕೆ ಹೋಗುತ್ತೆ."

"ನಿಂತರೆ," ಎಂದಳು ತನಿಖಾಧಿಕಾರಿ.

ದೊಡ್ಡಮ್ಮ ಮೊದಲ ಬಾರಿಗೆ ಅವಳ ಮುಖ ನೋಡಿದರು.

"ನಿನ್ನೆ ಕುರಿಗಾರರು ಮರಿ ಕೇಳಿಕೊಂಡು ಬಂದಿದ್ರಂತೆ," ಎಂದು ಮುಂದುವರಿಸಿದಳು ಅವಳು. "ಮನುಷ್ಯನ್ನೇ ಕೆಡವಿದ ನಾಯಿಯ ಮರಿ ಬೇಕು ಅಂದ್ರಂತೆ. ಕೊಲೆಗಾರ ಅಂದ್ರೆ ನಿಮ್ಮ ತಳಿಗೆ ಕೆಟ್ಟ ಹೆಸರಿಲ್ಲ. ಕುಂಟ ಅಂದ್ರೆ ಇದೆ. ಗೋಡೆ ಹಾರಿದ ನಾಯಿ ಸತ್ತರೂ ಹೆಸರು ಉಳಿಯುತ್ತೆ. ಮೆಟ್ಟಿಲು ಹತ್ತಲಾರದ ನಾಯಿ ಬದುಕಿದ್ರೆ ಮನೆಯೇ ಮುಳುಗುತ್ತೆ. ಅದಕ್ಕೇ ಬಾಚಣಿಗೆಯ ಕೂದಲು ತಗೊಂಡು ಹೋಗಿ ಗೋಡೆಗೆ ತುರುಕಿದ್ರಿ."

"ಹೆಸರಿಗೋಸ್ಕರ ನಾನು ಇದೆಲ್ಲ ಮಾಡ್ತೀನಿ ಅಂದ್ಕೊಂಡ್ರಾ?"

"ಮತ್ತೆ ಯಾತಕ್ಕೋಸ್ಕರ?"

ದೊಡ್ಡಮ್ಮ ಮತ್ತೆ ಮರಿಯ ಬಾಯಿಗೆ ಹಾಲು ಬಿಟ್ಟರು. ಬಾಯಿ ಬಿಡಿಸಲು ಜೋರು ಮಾಡಿದರೆ ಈ ಹೆಂಗಸು ಕಲ್ಲಾಗುತ್ತಾಳೆ ಎಂದು ತನಿಖಾಧಿಕಾರಿಗೆ ಅನ್ನಿಸಿತು. ಫಿಲ್ಮನ್ನು ಕಿಟಕಿಯಿಂದ ಇಳಿಸಿ, ಹುಲ್ಲಿನ ಅಂಚಿನಲ್ಲಿ ಕೂತಳು.

"ನಾನೊಂದು ವಿಷಯ ಹೇಳ್ತೀನಿ, ಕೇಳಿ. ನಿಮ್ಮ ಬೀಗರು ಬಿದ್ದಿದ್ದು ತೊಟ್ಟಿ ಹತ್ರ. ಹತ್ತಿ ಅವರ ತೋಳು ಕಚ್ಚಿ ಹಿಡಿದು ಎಳೆದಿದೆ. ಕೊಲ್ಲೋಕಲ್ಲ. ಗೇಟಿನ ಹತ್ರ ತರೋಕೆ. ಹಿಂಗಾಲಿಗೆ ಬಲ ಇಲ್ಲ, ಜಾರಿದೆ, ನಿಂತಿದೆ, ಮತ್ತೆ ಎಳೆದಿದೆ. ಆ ಸೊಂಟಕ್ಕೆ ಎಷ್ಟು ನೋವಾಗಿರಬೇಕು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೊಡ್ಡಿಯ ಆ ತುದಿಯಿಂದ ಈ ತುದಿ ತನಕ ತಂದಿದೆ. ತಂದು, ಗೇಟು ತೆಗೀರಿ ಅಂತ ಕೆರೆದಿದೆ. ಹಲಗೆ ಕಿತ್ತು ಬಂದಿದೆ ನೋಡಿ ಬೇಕಾದ್ರೆ."

ಹಾಲಿನ ಫಿಲ್ಲರ್ ಹಿಡಿದ ಕೈ ನಿಂತಿತು.

"ನೋಡೋದೇನಿದೆ," ಎಂದರು ದೊಡ್ಡಮ್ಮ. ದನಿ ತೀರ ತಗ್ಗಿತ್ತು. "ಕೇಳಿಸ್ತಿತ್ತು."

ಫಿಲ್ಲರನ್ನು ಅವರು ಪಕ್ಕಕ್ಕೆ ಇಟ್ಟರು.

"ಮನೆಯೊಳಗೆ ಬಂದು ಬಾಗಿಲು ಹಾಕ್ಕೊಂಡೆ. ಆಗಲೂ ಕೇಳಿಸ್ತಿತ್ತು. ಅವನು ಬೊಗಳಲಿಲ್ಲ. ಬೊಗಳಿದ್ರೆ ಯಾರಾದ್ರೂ ಬರ್ತಿದ್ರು. ಮನೆಯವರ ಹತ್ರ ಇದ್ದಾಗ ಅವನು ಬೊಗಳಲ್ಲ, ಹಾಗೆ ಬೆಳೆಸಿದ್ದು ನಾನೇ. ಬರೀ ಕೆರೀತಿದ್ದ."

"ಚಿಲಕ ಹಾಕಿದ್ದು ನೀವು."

"ನಾನು."

"ಹತ್ತೀನ ಒಳಗೆ ಬಿಟ್ಟಿದ್ದು?"

"ಅದು ನಾನಲ್ಲ. ನಾನು ಹೋದಾಗ ಅವನು ಒಳಗೇ ಇದ್ದ. ಬೀಗರು ಅವನ ನಡಿಗೆ ನೋಡೋಕೆ ಕರ್ಕೊಂಡು ಹೋಗಿರಬೇಕು, ದೊಡ್ಡಿ ನೆಲ ಸಮ ಇದೆ ಅಂತ. ಗೇಟು ತೆರೆದಿತ್ತು. ಬೀಗರು ತೊಟ್ಟಿ ಹತ್ರ ಬಿದ್ದಿದ್ರು."

"ಮುಚ್ಚಿ ಬಂದ್ರಿ. ಯಾಕೆ?"

ದೊಡ್ಡಮ್ಮ ಮರಿಯನ್ನು ತಾಯಿಯ ಹೊಟ್ಟೆಗೆ ಹಚ್ಚಿದರು. ಮರಿ ಮೊಲೆ ಹುಡುಕುತ್ತ ತಡವರಿಸಿತು.

"ಬೆನ್ನು ನೋಡಿದೆ," ಎಂದರು. "ನಾನು ಹಿತ್ತಲಿಗೆ ಬಂದೆ, ದೊಡ್ಡಿ ಕಡೆಯಿಂದ ಯಾರೋ ಇಳಿಜಾರಿನಲ್ಲಿ ಓಡಿಹೋಗ್ತಾ ಇದ್ರು. ಮಂಜಿತ್ತು, ಮುಖ ಕಾಣಲಿಲ್ಲ. ಕೋಟು ಕಂಡಿತು. ಅಳಿಯಂದಿರ ನೀಲಿ ಕೋಟು. ಹೋದ ಚಳಿಗಾಲಕ್ಕೆ ನಾನೇ ಹೊಲಿಸಿಕೊಟ್ಟಿದ್ದು."

"ಅದಕ್ಕೇ."

"ಮಗಳು ತುಂಬಿದ ಬಸುರಿ. ಹುಟ್ಟೋ ಕೂಸಿಗೆ ಏನು ಹೇಳಲಿ? ನಿನ್ನ ಅಪ್ಪ ನಿನ್ನ ತಾತನ್ನ ಕೊಂದ ಅಂತ ಹೇಳಲಾ? ನಾಯಿ ಕೊಂದಿತು ಅಂದ್ರೆ ಮುಗೀತು. ನಾಯಿಗೆ ಮಾನ ಇಲ್ಲ. ಜೈಲಿಲ್ಲ." ಅವರು ಉಸಿರು ಎಳೆದುಕೊಂಡರು. "ಹತ್ತಿ ಅಂದ್ರೆ ನನಗೆ ಪ್ರಾಣ. ಆದರೂ ಮಗಳಿಗಿಂತ ಹೆಚ್ಚಾ?"

"ಈ ಮಾತನ್ನ ನಗರಸಭೆಯವರ ಮುಂದೆ ಹೇಳ್ತೀರಾ? ಹೇಳಿದ್ರೆ ನಾಳೆ ಇಂಜೆಕ್ಷನ್ ನಿಲ್ಲುತ್ತೆ."

"ಹೇಳಿದ್ರೆ ಅಳಿಯಂದಿರ ಕುತ್ತಿಗೆಗೆ ಬರುತ್ತೆ."

"ದೊಡ್ಡಮ್ಮ, ಅದು ಈಗಾಗಲೇ ಬಂದಾಯ್ತು."

ಅವರು ತಾಯಿನಾಯಿಯ ತಲೆ ಸವರಿದರು. ತನಿಖಾಧಿಕಾರಿಯ ಮನಸ್ಸಿನಲ್ಲಿ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಸತ್ತವನನ್ನು ನಾಯಿ ಎಳೆಯುತ್ತದೆಯೇ? ಎಳೆದರೂ, ಗೇಟು ತೆಗೆಯಿರಿ ಎಂದು ಅಷ್ಟೊಂದು ಕೆರೆಯುತ್ತದೆಯೇ?

"ನೀವು ಒಳಗೆ ಹೋಗಿ ನೋಡಿದ್ರಿ ಅಲ್ವಾ? ಚಿಲಕ ಹಾಕೋ ಮುಂಚೆ."

"ನೋಡಿದೆ."

"ಹತ್ತಿರ ಹೋಗಿದ್ರಾ?"

"ಹೂಂ."

"ಉಸಿರಿತ್ತಾ?"

ದೊಡ್ಡಮ್ಮನ ಎರಡು ಕಣ್ಣಿನಿಂದಲೂ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಲು ಕೈ ಎತ್ತಲಿಲ್ಲ.

"ಉಸಿರಿತ್ತಾ ದೊಡ್ಡಮ್ಮ?"

"ಇತ್ತು."

ತನಿಖಾಧಿಕಾರಿ ತನ್ನ ಕೈಯಲ್ಲಿದ್ದ ಕವರು ಮಡಚಿಹೋದದ್ದನ್ನು ಗಮನಿಸಲಿಲ್ಲ.

"ತಲೆಯಿಂದ ರಕ್ತ ಹೋಗ್ತಾನೇ ಇತ್ತು," ಎಂದರು ದೊಡ್ಡಮ್ಮ. "ಉಳಿಯಲ್ಲ ಅಂದ್ಕೊಂಡೆ. ಉಳಿಯಲ್ಲ ಅಂದ್ಕೊಳ್ಳೋಕೆ ನನಗೆ ಇಷ್ಟ ಇತ್ತೋ ಏನೋ. ಉಳಿದ್ರೆ ಮಗನ ಹೆಸರು ಹೇಳ್ತಾರೆ ಅಂತ ಹೆದರಿಕೆ ಆಯ್ತು."

"ಏನಾದ್ರೂ ಹೇಳಿದ್ರಾ ಅವರು?"

"ನನ್ನ ಶಾಲು ಹಿಡ್ಕೊಂಡ್ರು. ಸೊಸೆನ ನೋಡ್ಕೊಳ್ಳಿ ಅಂದ್ರು. ಎರಡು ಸಲ ಅಂದ್ರು. ಸೊಸೆನ ನೋಡ್ಕೊಳ್ಳಿ ಬೀಗತಿ, ಸೊಸೆನ ನೋಡ್ಕೊಳ್ಳಿ." ದೊಡ್ಡಮ್ಮ ಶಾಲಿನ ಅಂಚು ಎಳೆದುಕೊಂಡರು. "ಸಾಯೋ ಹೊತ್ತಲ್ಲೂ ನನ್ನ ಮಗಳ ಚಿಂತೆ ಅವರಿಗೆ. ಮಗನ್ನ ಕ್ಷಮಿಸಿದಾರೆ, ಮನೆ ಉಳಿಸು ಅಂತಿದಾರೆ ಅಂತ ಅಂದ್ಕೊಂಡೆ. ಶಾಲು ಬಿಡಿಸ್ಕೊಂಡು ಬಂದೆ."

ಸೊಸೆನ ನೋಡ್ಕೊಳ್ಳಿ. ತನಿಖಾಧಿಕಾರಿ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಮಗುವನ್ನು ನೋಡಿಕೊಳ್ಳಿ ಎನ್ನುವುದೂ ಹಾಗೇ, ಕಳ್ಳನನ್ನು ನೋಡಿಕೊಳ್ಳಿ ಎನ್ನುವುದೂ ಹಾಗೇ.

"ನಿಮ್ಮ ಮಗಳು ಅವತ್ತು ಬೆಳಿಗ್ಗೆ ಎಲ್ಲಿದ್ರು?"

"ಅವಳು ಮಲಗಿದ್ದಳು. ಬಸುರಿ ಹೆಂಗಸು, ಬೆಳಿಗ್ಗೆ ಏಳೋದು ತಡ."

"ಮಲಗಿದ್ದನ್ನ ನೋಡಿದ್ರಾ?"

ದೊಡ್ಡಮ್ಮನ ಹುಬ್ಬು ಗಂಟಾಯಿತು. ಅವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಬಾಗಿಲಿನಿಂದ ತಣ್ಣನೆಯ ಗಾಳಿ ಬೀಸಿತು. ತಾಯಿನಾಯಿ ತಲೆ ಎತ್ತಿ ಬಾಲ ಆಡಿಸಿತು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹೊಸ್ತಿಲಲ್ಲಿ ಮಗಳು ನಿಂತಿದ್ದಳು. ಒಂದು ಕೈಯಲ್ಲಿ ಹಾಲಿನ ಬಕೆಟ್, ಇನ್ನೊಂದು ಕೈ ತುಂಬಿದ ಹೊಟ್ಟೆಯ ಕೆಳಗೆ. ಮೈಮೇಲೆ ತೋಳು ಮಡಚಿಟ್ಟ ಗಂಡಸರ ಕೋಟು. ನೀಲಿ ಬಣ್ಣದ್ದು.

ದೊಡ್ಡಮ್ಮ ಆ ಕೋಟನ್ನೇ ನೋಡಿದರು. ಮಗಳ ಮುಖ ನೋಡಿದರು. ಮತ್ತೆ ಕೋಟು ನೋಡಿದರು. ಕೂತ ಸ್ಟೂಲು ಕೆಳಗಿನಿಂದ ಯಾರೋ ಎಳೆದ ಹಾಗೆ ಅವರು ಗೋಡೆ ಹಿಡಿದುಕೊಂಡರು.

"ಇದನ್ನ ಯಾಕೆ ಹಾಕ್ಕೊಂಡಿದೀಯ?"

"ನನ್ನದರ ಗುಂಡಿ ಹಾಕೋಕೆ ಆಗಲ್ಲ ಅಮ್ಮ," ಎಂದಳು ಮಗಳು. "ಚಳಿ ಶುರುವಾದಾಗಿನಿಂದ ಇದನ್ನೇ ಹಾಕ್ತಾ ಇದೀನಿ. ನೀನು ಮರಿಗಳನ್ನ ಬಿಟ್ಟು ಬೇರೆ ಏನನ್ನ ನೋಡಿದೀಯ?"

ಅವಳು ಬಕೆಟ್ಟನ್ನು ಜೋಪಾನವಾಗಿ ನೆಲದ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ತನಿಖಾಧಿಕಾರಿ ಎದ್ದು ನಿಂತಳು, ಆದರೆ ಮಗಳು ಅವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಮಾತಿಗೆ ಮಾತು ಬೆಳೆದು ನಾನು ತಳ್ಳಿದೆ, ಮಾವ ತೊಟ್ಟಿ ಮೇಲೆ ಬಿದ್ರು. ಮಿಷನ್ ಆಸ್ಪತ್ರೆ ತನಕ ಓಡಬೇಕು ಅಂತ ಹೊರಟಿದ್ದೆ. ಅರ್ಧ ದಾರಿಗೆ ಉಸಿರು ಸಿಕ್ಕಲಿಲ್ಲ. ಬೆವರಿ ಕೋಟು ಬಿಚ್ಚಿ ಮುದುರಿ ಹಿಡ್ಕೊಂಡು, ಫೋನ್ ಮಾಡೋಣ ಅಂತ ವಾಪಸ್ ಬಂದೆ. ಬಂದಾಗ ಗೇಟಿಗೆ ಚಿಲಕ ಬಿದ್ದಿತ್ತು, ನೀನು ಗೋಡೆ ಹತ್ರ ನಿಂತಿದ್ದೆ. ಹೋಗು, ಒಳಗೆ ಹೋಗಿ ಮಲಗು, ಬೀಗರು ಸತ್ತಿದಾರೆ, ಹೆಣ ನೋಡಬೇಡ ಅಂದೆ." ಅವಳ ದನಿ ನಡುಗಲಿಲ್ಲ. "ಮಲಗಿದೆ. ಅವತ್ತಿನಿಂದ ಕಣ್ಣು ಮುಚ್ಚಿಲ್ಲ."

"ಮಗಳೇ, ಬಾಯಿ ಮುಚ್ಚು," ಎಂದರು ದೊಡ್ಡಮ್ಮ. "ಇವರ ಮುಂದೆ ಬಾಯಿ ಮುಚ್ಚು."

"ಉಸಿರಿತ್ತು ಅಂತ ಈಗ ನೀನೇ ಅಂದೆ."

ದೊಡ್ಡಮ್ಮ ಗೋಡೆ ಬಿಟ್ಟು ಮಗಳತ್ತ ಕೈ ಚಾಚಿದರು.

"ಬಾಗಿಲ ಹತ್ರ ನಿಂತು ಕೇಳಿಸ್ಕೊಂಡೆ. ಮಾವ ಮಾತಾಡಿದ್ರು ಅಂದೆ ನೀನು. ನಿನ್ನ ಶಾಲು ಹಿಡ್ಕೊಂಡ್ರು ಅಂದೆ."

ಹುಲ್ಲಿನ ಮೇಲೆ ಕಣ್ಣು ತೆರೆಯದ ಮರಿಯೊಂದು ಗುಂಪಿನಿಂದ ಜಾರಿ ಕೀಚಲು ದನಿ ತೆಗೆಯಿತು. ಯಾರೂ ಅದನ್ನು ಎತ್ತಲಿಲ್ಲ.

ಮಗಳು ಇಬ್ಬರನ್ನೂ ನೋಡಿದಳು. ಸಾವಿನ ದಿನದಿಂದ ಹೊತ್ತದ್ದನ್ನು ಇಳಿಸುವವಳ ಹಾಗೆ ಅವಳ ಭುಜ ನಿಧಾನಕ್ಕೆ ಕೆಳಗೆ ಬಂತು.

"ಹಾಗಾದ್ರೆ," ಎಂದಳು, "ಮಾವನ್ನ ಕೊಂದಿದ್ದು ನಾನಲ್ಲ."